ಐದು ಗ್ಲೌಸಿನ ಚೀಲ

“ಯು, ಟಿ. ಏನಿದು ಯು, ಟಿ?”

ಕೋಲ್ಟನ್ ಸ್ಕೂಲಿನ ಊಟದ ಮೇಜಿನ ಮೇಲೆ ಕಾರ್ಡುಗಳನ್ನು ಹರಡಿಕೊಂಡು ಕೂತಿದ್ದ. ಊರಿನ ಹೆರನ್ಸ್, ಅಂದರೆ ಕೊಕ್ಕರೆಗಳು, ಎಂಬ ಬೇಸ್‌ಬಾಲ್ ತಂಡದ ಕಾರ್ಡುಗಳು. ಆಟಗಾರನ ಫೋಟೋ, ಕೆಳಗೆ ಹೆಸರು, ಮೂಲೆಯಲ್ಲಿ ಅವನು ಮೈದಾನದಲ್ಲಿ ನಿಲ್ಲುವ ಜಾಗ. ಚೆಂಡು ಎಸೆಯುವ ಪಿಚರ್, ಅವನು ಎಸೆದದ್ದನ್ನು ಹಿಡಿಯುವ ಕ್ಯಾಚರ್, ರನ್ನಿಗೆ ಓಡುವವರು ಮುಟ್ಟುವ ಎರಡನೇ, ಮೂರನೇ ಬೇಸುಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್, ಹೀಗೆ. ಒಂದೇ ಒಂದು ಕಾರ್ಡಿನ ಮೂಲೆಯಲ್ಲಿ ಮಾತ್ರ ಯು, ಟಿ ಎಂದಿತ್ತು.

ಎದುರಿಗೆ ಕೂತಿದ್ದ ಜೂನಿ ಸ್ಯಾಂಡ್‌ವಿಚ್ ಕಚ್ಚುವುದನ್ನು ನಿಲ್ಲಿಸಿದಳು. ಆ ಕಾರ್ಡಿನಲ್ಲಿ ಟೋಪಿ ಹಾಕಿಕೊಂಡು ಹಲ್ಲು ಕಿರಿಯುತ್ತಿದ್ದವನು ಅವಳ ಅಪ್ಪ, ವೆಸ್ ಪ್ರೂಯಿಟ್.

“ಯುಟಿಲಿಟಿ ಅಂತ,” ಎಂದಳು. “ಅಂದ್ರೆ ನಮ್ಮಪ್ಪ ಎಲ್ಲಾ ಕಡೆ ಆಡ್ತಾನೆ.”

“ಎಲ್ಲಾ ಕಡೆ ಅಂದ್ರೆ ಎಲ್ಲಿ?”

“ಎಲ್ಲಿ ಆಡು ಅಂದ್ರೆ ಅಲ್ಲಿ. ಯಾರಿಗಾದ್ರೂ ಕಾಲು ಉಳುಕಿದ್ರೆ ಅವರ ಜಾಗದಲ್ಲಿ. ಯಾರಾದ್ರೂ ರಜ ಹಾಕಿದ್ರೆ ಅವರ ಜಾಗದಲ್ಲಿ.”

ಕೋಲ್ಟನ್ ಮುಖ ಬೆಳಗಿತು. “ಓಹೋ! ಸಬ್‌ಸ್ಟಿಟ್ಯೂಟ್ ಟೀಚರ್ ತರ!”

ಇಡೀ ಮೇಜು ಗೊಳ್ಳೆಂದಿತು. ಹೋದ ವಾರವಷ್ಟೇ ಅವರ ಟೀಚರ್ ಮಿಸೆಸ್ ಡ್ವೊರಾಕ್‌ಗೆ ಜ್ವರ ಬಂದು, ಅವರ ಬದಲಿಗೆ ಒಬ್ಬ ಮೇಷ್ಟ್ರು ಬಂದಿದ್ದರು. ಆ ಪುಣ್ಯಾತ್ಮ ಹಾಜರಿ ಕೂಗುವಾಗ ಒಬ್ಬರ ಹೆಸರಿಗೆ ಇನ್ನೊಬ್ಬರು ಕೈಯೆತ್ತಿ, ಮಕ್ಕಳೆಲ್ಲ ಮಧ್ಯಾಹ್ನದೊಳಗೆ ಅವರನ್ನು ಗೋಳುಹೊಯ್ದುಕೊಂಡಿದ್ದರು. ಜೂನಿಯೂ ಅವತ್ತು ನಕ್ಕಿದ್ದಳು. ಇವತ್ತು ನಗು ಬರಲಿಲ್ಲ.

“ಗುರುವಾರ ನೋಡು,” ಎಂದಳು. “ಗುರುವಾರ ನಮ್ಮಪ್ಪ ಶಾರ್ಟ್‌ಸ್ಟಾಪ್ ಆಡ್ತಾನೆ.”

ಬಾಯಿಂದ ಹೇಗೆ ಬಂತೋ ಅವಳಿಗೇ ಗೊತ್ತಿಲ್ಲ. ಆದರೆ ಬಂದುಬಿಟ್ಟಿತು.

ಗುರುವಾರ ಶಾಲಾ ಮಕ್ಕಳಿಗಾಗಿ ಆಡುವ ಪಂದ್ಯ. ವರ್ಷಕ್ಕೊಂದು ದಿನ ಹೆರನ್ಸ್ ತಂಡ ಬೆಳಗ್ಗೆ ಹತ್ತೂವರೆಗೇ ಆಟ ಇಟ್ಟುಕೊಳ್ಳುತ್ತದೆ. ಊರಿನ ಸ್ಕೂಲುಗಳೆಲ್ಲ ಹಳದಿ ಬಸ್ಸುಗಳಲ್ಲಿ ಬಂದು ಸ್ಟೇಡಿಯಂ ತುಂಬುತ್ತವೆ. ಮಿಸೆಸ್ ಡ್ವೊರಾಕ್ ಆಗಲೇ ಎಲ್ಲರಿಗೂ ಒಂದೊಂದು ಹಾಳೆ ಹಂಚಿದ್ದರು. ಒಬ್ಬ ಆಟಗಾರನನ್ನು ಆರಿಸಿಕೊಳ್ಳಬೇಕು. ಅವನ ಹೆಸರು ಬರೆಯಬೇಕು, ಅವನ ಜಾಗ ಬರೆಯಬೇಕು, ಆಟ ಮುಗಿಯುವ ತನಕ ಅವನೊಬ್ಬನನ್ನೇ ನೋಡಿ ಅವನು ಏನೇನು ಮಾಡಿದ ಎಂದು ಬರೆಯಬೇಕು.

ಜೂನಿ ಚೀಲದಿಂದ ಹಾಳೆ ತೆಗೆದು, ಎಲ್ಲರ ಎದುರಿಗೇ ಬರೆದಳು. ಹೆಸರು: ವೆಸ್ ಪ್ರೂಯಿಟ್. ಜಾಗ: ಶಾರ್ಟ್‌ಸ್ಟಾಪ್.

“ಪೆನ್ನಲ್ಲಿ ಬರೆದ್ಯಾ?” ಎಂದ ಕೋಲ್ಟನ್. “ಸರಿ. ಗುರುವಾರ ನೋಡೇಬಿಡೋಣ.”

ಅವನು ಕೆಟ್ಟ ಹುಡುಗನೇನಲ್ಲ. ಆದರೆ ಅವನು ಹುಟ್ಟಿದಾಗಿನಿಂದ ಇದೇ ಊರು, ಇದೇ ಸ್ಕೂಲು. ಜೂನಿಗೆ ಇದು ನಾಲ್ಕನೆಯ ಸ್ಕೂಲು. ಅಪ್ಪ ತಂಡ ಬದಲಿಸಿದಾಗಲೆಲ್ಲ ಮನೆ ಬದಲಾಗುತ್ತಿತ್ತು, ಸ್ಕೂಲು ಬದಲಾಗುತ್ತಿತ್ತು. ಹೊಸ ಸ್ಕೂಲಿನಲ್ಲಿ ಎರಡನೇ ದಿನ ಎಲ್ಲರೂ ಕೇಳುವುದು ಒಂದೇ. ನಿಮ್ಮಪ್ಪ ಯಾವ ಜಾಗದಲ್ಲಿ ಆಡ್ತಾರೆ? ಆ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಅವಳಿಗೆ ಸಾಕಾಗಿಹೋಗಿತ್ತು. ಒಂದು ಸಲವಾದರೂ ಒಂದೇ ಮಾತಿನಲ್ಲಿ ಹೇಳಿ ಮುಗಿಸಬೇಕು ಅಂತ ಅವಳಿಗೆ ಆಸೆ.

*

ಬುಧವಾರ ಬೆಳಗ್ಗೆ ಅಪ್ಪ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು, ಒಂದು ಗ್ಲೌಸಿನ ಚರ್ಮದ ದಾರ ಬಿಗಿಯುತ್ತಿದ್ದ. ಸುತ್ತ ಉಳಿದ ನಾಲ್ಕು ಬಿದ್ದಿದ್ದವು.

ಬೇರೆ ಆಟಗಾರರ ಬಳಿ ಒಂದು ಗ್ಲೌಸು ಇದ್ದರೆ ಮುಗಿಯಿತು. ಅಪ್ಪನ ಚೀಲದಲ್ಲಿ ಐದು. ಶಾರ್ಟ್‌ಸ್ಟಾಪಿಗೆ ಎಲ್ಲಕ್ಕಿಂತ ಸಣ್ಣದು. ಮೂರನೇ ಬೇಸಿಗೆ ಅದಕ್ಕಿಂತ ತುಸು ದೊಡ್ಡದು. ದೂರದ ಹುಲ್ಲಿನಲ್ಲಿ ನಿಂತು ಎತ್ತರದ ಕ್ಯಾಚು ಹಿಡಿಯುವುದಕ್ಕೆ ಅಗಲದ್ದು. ಮೊದಲನೇ ಬೇಸಿಗೆ ಉದ್ದನೆಯದು. ಇರುವ ಇಬ್ಬರು ಕ್ಯಾಚರುಗಳಿಗೂ ಪೆಟ್ಟಾದರೆ ಇರಲಿ ಅಂತ ದಿಂಬಿನಷ್ಟು ದಪ್ಪನೆಯದೊಂದು. ಭಾನುವಾರ ಭಾನುವಾರ ಐದಕ್ಕೂ ಎಣ್ಣೆ ಹಚ್ಚಿ, ಒಳಗೊಂದು ಚೆಂಡಿಟ್ಟು ದಾರ ಕಟ್ಟುವುದು ಜೂನಿಯ ಕೆಲಸ. ಯಾವ ಗ್ಲೌಸು ಎಲ್ಲಿ ಮೆತ್ತಗಾಗಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂದು ಅಪ್ಪನಿಗಿಂತ ಅವಳಿಗೇ ಚೆನ್ನಾಗಿ ಗೊತ್ತು.

ಆ ಚೀಲವನ್ನು ಹನ್ನೊಂದು ವರ್ಷದಿಂದ ಅಪ್ಪ ತಾನೇ ಹೊರುತ್ತಿದ್ದ. ಬಸ್ಸಿಗೆ ಹತ್ತಿಸುವುದು, ಇಳಿಸುವುದು, ಮತ್ತೆ ಹತ್ತಿಸುವುದು. ತಂಡದಲ್ಲಿ ಯಾರೂ ಇನ್ನೊಬ್ಬರ ಚೀಲ ಹೊರುವುದಿಲ್ಲ. ಅದರಲ್ಲೂ ಪಿಚರುಗಳು! ಚೆಂಡು ಎಸೆಯುವ ತೋಳನ್ನು ಅವರು ಗಾಜಿನ ಲೋಟ ಕಾಯುವ ಹಾಗೆ ಕಾಯುತ್ತಾರೆ. ಬಿದ್ದ ಪೆನ್ಸಿಲನ್ನೂ ಇನ್ನೊಂದು ಕೈಯಲ್ಲೇ ಎತ್ತಿಕೊಳ್ಳುವ ಜನ.

“ಅಪ್ಪಾ, ನಾಳೆ ನೀನು ಶಾರ್ಟ್‌ಸ್ಟಾಪ್ ಆಡ್ತೀಯಾ?”

“ಗೋಡೆ ಮೇಲೆ ಏನಿರತ್ತೋ ಅದು, ಪುಟ್ಟಾ.”

ಯಾವಾಗ ಕೇಳಿದರೂ ಅಪ್ಪನ ಉತ್ತರ ಇದೇ. ಆಟದ ದಿನ ಮ್ಯಾನೇಜರ್ ಹಾಲ್ವರ್ಸನ್ ಒಂದು ಚೀಟಿಯಲ್ಲಿ ಯಾರು ಎಲ್ಲಿ ಆಡಬೇಕು ಎಂದು ಬರೆದು, ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ಅಂಟಿಸುತ್ತಿದ್ದರು. ಬೇರೆಯವರು ಅದನ್ನು ನೋಡಿದರೂ ಆಯಿತು, ಬಿಟ್ಟರೂ ಆಯಿತು. ಅಪ್ಪ ಮಾತ್ರ ಶೂ ಬಿಚ್ಚುವ ಮೊದಲು ಗೋಡೆ ನೋಡಬೇಕು. ಆಮೇಲೆ ಚೀಲದಿಂದ ಒಂದು ಗ್ಲೌಸು ತೆಗೆಯಬೇಕು. ಕೆಲವು ದಿನ ಚೀಟಿಯಲ್ಲಿ ಅವನ ಹೆಸರೇ ಇರುತ್ತಿರಲಿಲ್ಲ.

“ನೀನೇ ಅವರನ್ನ ಕೇಳ್ಬಹುದಲ್ಲ?”

ಸಿಂಕಿನ ಹತ್ತಿರ ನಿಂತಿದ್ದ ಅಮ್ಮ ತಿರುಗಿದಳು. “ಜೂನಿ, ಬಸ್ಸಿಗೆ ಹೊತ್ತಾಯ್ತು.”

“ಕೇಳಿದ್ರೆ ಏನಾಗತ್ತೆ? ಒಂದೇ ಒಂದು ಸಲ!”

“ಕೇಳೋರು ಬೇಕಾದಷ್ಟು ಜನ ಇದ್ದಾರಮ್ಮ,” ಎಂದ ಅಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. “ನಂಗೀಗ ಮೂವತ್ನಾಲ್ಕು. ನನಗಿಂತ ಜೋರಾಗಿ ಓಡೋರಿದ್ದಾರೆ, ಜೋರಾಗಿ ಹೊಡೆಯೋರಿದ್ದಾರೆ. ನಾನು ಏನೂ ಕೇಳಲ್ಲ ಅಂತಾನೇ ಇವರು ನನ್ನ ಇಟ್ಕೊಂಡಿರೋದು.”

ಜೂನಿ ದನಿ ಏರಿಸಿದಳು. “ಎಲ್ಲರ ಅಪ್ಪಂದಿರಿಗೂ ಅವರದ್ದೇ ಒಂದು ಕೆಲಸ ಇದೆ. ನಿಂಗೆ ಮಾತ್ರ ಅವರಿವರ ಕೆಲಸ. ಕ್ಲಾಸಲ್ಲಿ ಎಲ್ಲರೂ ನಗ್ತಾರೆ, ಗೊತ್ತಾ ನಿಂಗೆ?”

ಅಮ್ಮ ನಲ್ಲಿ ನಿಲ್ಲಿಸಿದಳು. ಅಪ್ಪ ತಲೆಯೆತ್ತಲಿಲ್ಲ. ಕೈಯಲ್ಲಿದ್ದ ದಾರವನ್ನು ನಿಧಾನವಾಗಿ ಬಿಗಿದ, ಗಂಟು ಹಾಕಿದ, ಗ್ಲೌಸನ್ನು ಮುಷ್ಟಿಯಿಂದ ಎರಡು ಸಲ ಗುದ್ದಿ ನೋಡಿದ. ಹೇಳಬಾರದ್ದು ಹೇಳಿಬಿಟ್ಟೆ ಅಂತ ಜೂನಿಗೆ ಆಗಲೇ ಅನ್ನಿಸಿತು. ಆದರೆ ಹೇಳಿ ಆಗಿತ್ತು.

“ಸರಿ,” ಎಂದ ಅಪ್ಪ. “ಕೇಳ್ತೀನಿ.”

“ವೆಸ್, ನೀನು ಇಷ್ಟು ವರ್ಷದಲ್ಲಿ ಯಾವತ್ತೂ...” ಎಂದಳು ಅಮ್ಮ.

“ಕೇಳ್ತೀನಿ ಅಂದ್ನಲ್ಲ,” ಎಂದ ಅಪ್ಪ.

*

ಬುಧವಾರ ಸಂಜೆಯ ಆಟ ಒಂಬತ್ತು ಇನ್ನಿಂಗ್ಸಿಗೆ ಮುಗಿಯಬೇಕಿತ್ತು. ಎರಡೂ ತಂಡದ ರನ್ನು ಸಮವಾಗಿ, ಹದಿನೈದರ ತನಕ ಎಳೆಯಿತು. ಜೂನಿ ಗುರುವಾರ ಎದ್ದಾಗ ಅಪ್ಪ ಬೂಟು ಹಾಕಿಕೊಂಡೇ ನಿಂತು ಕಾಫಿ ಕುಡಿಯುತ್ತಿದ್ದ. ಕಣ್ಣು ಕೆಂಪಗಿದ್ದವು. ಇನ್ನು ಮೂರೇ ತಾಸಿನಲ್ಲಿ ಮತ್ತೆ ಆಟ.

“ಕೇಳ್ದೆ,” ಎಂದ.

“ಏನಂದ್ರು?”

“ನಕ್ರು. ಆಮೇಲೆ, ಬೆಳಗ್ಗೆ ಗೋಡೆ ನೋಡು ಅಂದ್ರು.”

ಅಷ್ಟು ಹೇಳಿ ಚೀಲವನ್ನು ಹೆಗಲಿಗೇರಿಸಿ ಹೊರಟ. ಹೊರಡುವಾಗ ಅವನ ಬಾಯಿಂದ ಒಂದು ಸಣ್ಣ ನರಳಿಕೆ. ಅಪ್ಪನಿಗೆ ಅದು ಕೇಳಿಸುತ್ತಲೇ ಇರಲಿಲ್ಲ, ಅಷ್ಟು ಅಭ್ಯಾಸವಾಗಿತ್ತು.

*

ಐದು ಸಾವಿರ ಮಕ್ಕಳು ಒಟ್ಟಿಗೆ ಕಿರುಚಿದರೆ ಹೇಗಿರುತ್ತದೆ ಅಂತ ಕೇಳಬೇಕಾದರೆ ಅವತ್ತು ಬರಬೇಕಿತ್ತು. ತಂಡದ ಗುರುತಾದ ಕೊಕ್ಕರೆಯ ವೇಷ ಹಾಕಿಕೊಂಡವನು ಉದ್ದ ಕೊಕ್ಕು ಆಡಿಸುತ್ತ ಮೆಟ್ಟಿಲ ಮೇಲೆ ಓಡಾಡುತ್ತಿದ್ದ. ಹನ್ನೊಂದು ಗಂಟೆಯೊಳಗೇ ಅರ್ಧ ಜನರ ಮೂತಿಗೆ ಹಾಟ್‌ಡಾಗಿನ ಸಾಸ್ ಮೆತ್ತಿತ್ತು.

ಜೂನಿ ಅದೊಂದನ್ನೂ ನೋಡಲಿಲ್ಲ. ಅವಳ ಕಣ್ಣು ದೊಡ್ಡ ಬೋರ್ಡಿನ ಮೇಲೆ. ಹೆಸರುಗಳು ಒಂದೊಂದಾಗಿ ಬಂದವು. ಏಳನೆಯ ಸಾಲಿನಲ್ಲಿ ಬಂತು: ಪ್ರೂಯಿಟ್, ಶಾರ್ಟ್‌ಸ್ಟಾಪ್.

“ಬಂತು! ಬಂತು!” ಪಕ್ಕದಲ್ಲಿದ್ದ ಗೆಳತಿ ಇಮಾನಿ ಅವಳ ತೋಳು ಹಿಡಿದು ಕುಲುಕಿದಳು. ಹಿಂದಿನ ಸಾಲಿನಲ್ಲಿದ್ದ ಕೋಲ್ಟನ್ ಬೋರ್ಡನ್ನು ಎರಡು ಸಲ ಓದಿದ. “ಸರಿ ಬಿಡು, ಹೇಳಿದ್ದು ನಿಜ,” ಎಂದ.

ಮೊದಲನೇ ಇನ್ನಿಂಗ್ಸಿನಲ್ಲೇ ಒಂದು ಚೆಂಡು ನೆಲಕ್ಕೆ ಬಡಿದು, ಸರ್ರನೆ ಎರಡನೇ ಬೇಸಿನ ಕಡೆ ಹೋಯಿತು. ಅಪ್ಪ ಪಕ್ಕಕ್ಕೆ ಹಾರಿ, ಮಣ್ಣಿನಲ್ಲಿ ಹೊಟ್ಟೆಯ ಮೇಲೆ ಜಾರಿ, ಸಣ್ಣ ಗ್ಲೌಸಿನ ತುದಿಯಲ್ಲಿ ಅದನ್ನು ಹಿಡಿದು, ಮಂಡಿಯ ಮೇಲಿಂದಲೇ ಎಸೆದ. ಔಟ್!

“ಅಬ್ಬಾ, ನಿಮ್ಮಪ್ಪ!” ಎಂದ ಕೋಲ್ಟನ್. ಅವನೇ ಹೇಳಿದ್ದು! ಜೂನಿ ಹಾಳೆಯಲ್ಲಿ ಬರೆದುಕೊಂಡಳು. ಖುಷಿಗೆ ಅಕ್ಷರಗಳು ಓರೆಯಾಗಿ ಬಿದ್ದವು.

ಆ ಖುಷಿ ಎರಡು ಇನ್ನಿಂಗ್ಸ್ ಬಾಳಿತು ಅಷ್ಟೇ. ಹಿಂದಿನ ದಿನ ಹದಿನೈದು ಇನ್ನಿಂಗ್ಸ್ ಎಸೆದು ಹೆರನ್ಸ್ ಪಿಚರುಗಳ ತೋಳು ಸತ್ತುಹೋಗಿದ್ದವು. ಮೂರನೇ ಇನ್ನಿಂಗ್ಸಿನಲ್ಲಿ ಎದುರಾಳಿಗಳು ಐದು ರನ್ನು ಹೊಡೆದರು. ಐದನೆಯದರಲ್ಲಿ ಇನ್ನು ನಾಲ್ಕು. ಆರನೆಯದು ಮುಗಿಯುವಷ್ಟರಲ್ಲಿ ಹದಿಮೂರಕ್ಕೆ ಒಂದು. ಇನ್ನು ಗೆಲ್ಲುವ ಮಾತೇ ಇಲ್ಲ. ಆದರೂ ಮೂರು ಇನ್ನಿಂಗ್ಸ್ ಯಾರಾದರೂ ಎಸೆಯಲೇಬೇಕಲ್ಲ.

ದೂರದ ಬೇಲಿಯಾಚೆ ಪಿಚರುಗಳು ಕೂರುವ ಜಾಗದಲ್ಲಿ ಒಬ್ಬನೇ ಎದ್ದು ತೋಳು ಸಡಿಲ ಮಾಡುತ್ತಿದ್ದ. ಯಾಡಿಯೆಲ್. ಡೊಮಿನಿಕನ್ ರಿಪಬ್ಲಿಕ್ ದೇಶದಿಂದ ಬಂದ ಇಪ್ಪತ್ತು ವರ್ಷದವನು. ಇಲ್ಲಿ ಅವನಿಗೆ ಮನೆಮಂದಿ ಯಾರೂ ಇಲ್ಲ. ಭಾನುವಾರ ಜೂನಿ ಮನೆಗೆ ಬಂದು ಎರಡು ತಟ್ಟೆ ಮ್ಯಾಕರೋನಿ ತಿಂದು, ಅಪ್ಪನನ್ನು ತಾತ ತಾತ ಎಂದು ರೇಗಿಸಿ ಹೋಗುತ್ತಿದ್ದ. ಮಂಗಳವಾರವೂ ಅವನೇ ಎಸೆದಿದ್ದ, ಬುಧವಾರವೂ ಅವನೇ. ಈಗ ಒಂದು ಚೆಂಡು ಎಸೆಯುವುದು, ಮೊಣಕೈ ಹಿಡಿದುಕೊಳ್ಳುವುದು, ಯಾರಾದರೂ ನೋಡಿದರಾ ಅಂತ ಆಚೀಚೆ ನೋಡುವುದು, ಮತ್ತೆ ಎಸೆಯುವುದು.

ಏಳನೇ ಇನ್ನಿಂಗ್ಸು ಶುರುವಾಗಬೇಕು. ಮ್ಯಾನೇಜರ್ ಹಾಲ್ವರ್ಸನ್ ನಿಧಾನವಾಗಿ ಮೈದಾನದ ನಡುವಿನ ಮಣ್ಣುದಿಬ್ಬಕ್ಕೆ ನಡೆದು ಬಂದರು. ಪಿಚರ್ ನಿಂತು ಎಸೆಯುವ ಜಾಗ ಅದು. ಹತ್ತಿರ ನಿಲ್ಲುವ ಆಟಗಾರರೂ ಸುತ್ತ ಸೇರಿದರು, ಅಪ್ಪನೂ ಸೇರಿದ. ಮ್ಯಾನೇಜರ್ ಯಾಡಿಯೆಲ್‌ನನ್ನು ಕರೆಯಲು ಬೇಲಿಯ ಕಡೆ ಕೈಯೆತ್ತಿದರು.

ಅಪ್ಪ ಏನೋ ಹೇಳಿದ.

ಮ್ಯಾನೇಜರ್ ತಲೆಯಲ್ಲಾಡಿಸಿದರು. ಅಪ್ಪ ಮತ್ತೆ ಏನೋ ಹೇಳಿದ. ಮ್ಯಾನೇಜರ್ ಟೋಪಿ ತೆಗೆದು ನೆತ್ತಿ ಕೆರೆದುಕೊಂಡರು. ಆಮೇಲೆ ಚೆಂಡನ್ನು ಅಪ್ಪನ ಕೈಗಿಟ್ಟು, ಯಾಡಿಯೆಲ್‌ಗೆ ಕೂತ್ಕೋ ಎಂದು ಸನ್ನೆ ಮಾಡಿ ಹೋಗಿಬಿಟ್ಟರು. ಬೆಂಚಿನಿಂದ ಬೇರೊಬ್ಬ ಹುಡುಗ ಓಡಿಬಂದು ಶಾರ್ಟ್‌ಸ್ಟಾಪಿನ ಜಾಗದಲ್ಲಿ ನಿಂತ.

ಜೂನಿ ಎಲ್ಲ ನೋಡುತ್ತಿದ್ದಳು. ಬೇಡ, ಬೇಡ, ಬೇಡ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

“ಹೆರನ್ಸ್ ತಂಡಕ್ಕೆ ಈಗ ಹೊಸ ಪಿಚರ್,” ಎಂದು ಸ್ಪೀಕರ್ ಕೂಗಿತು. “ವೆಸ್... ಪ್ರೂಯಿಟ್!”

ಕೂಗಿದವನಿಗೇ ನಗು ತಡೆಯಲಾಗಿರಲಿಲ್ಲ.

ಅಪ್ಪ ಎಸೆದ ಮೊದಲ ಚೆಂಡು ಮೆಲ್ಲಗೆ ಮೇಲೇರಿ, ಮೆಲ್ಲಗೆ ಇಳಿಯಿತು. ಪ್ರತಿ ಚೆಂಡಿನ ವೇಗ ಬೋರ್ಡಿನಲ್ಲಿ ಬರುತ್ತದೆ. ಯಾಡಿಯೆಲ್ ಎಸೆದರೆ ಗಂಟೆಗೆ ತೊಂಬತ್ತಾರು ಮೈಲಿ. ಈಗ ಬಂದದ್ದು ಐವತ್ತನಾಲ್ಕು.

 ಐದು ಸಾವಿರ ಮಕ್ಕಳು ಬಿದ್ದು ಬಿದ್ದು ನಕ್ಕರು.

“ನಮ್ಮಜ್ಜಿ ಇದಕ್ಕಿಂತ ಜೋರಾಗಿ ಎಸೀತಾಳೆ!” ಎಂದು ಯಾರೋ ಕೂಗಿದರು. ಮುಂದಿನ ಚೆಂಡಿಗೆ ಎಲ್ಲರೂ ಒಟ್ಟಿಗೆ ಅಂಕಿ ಕೂಗಿದರು. “ಐವತ್ತೊಂದು!” ಅದರ ಮುಂದಿನದಕ್ಕೆ, “ನಲವತ್ತೊಂಬತ್ತು!” ನಾಲ್ಕನೆಯ ಚೆಂಡನ್ನು ಎದುರಾಳಿ ಎತ್ತಿ ಬಾರಿಸಿದ. ಅದು ಬೇಲಿ ದಾಟಿ, ರಸ್ತೆ ದಾಟಿ, ಎಲ್ಲಿಗೋ ಹೋಯಿತು. ಕೊಕ್ಕರೆ ವೇಷದವನು ರೆಕ್ಕೆಯಿಂದ ಕಣ್ಣು ಮುಚ್ಚಿಕೊಂಡು ಕುಣಿದ.

“ಪೆನ್ನಲ್ಲಿ ಬರೆದಿದ್ಯಲ್ಲ, ಶಾರ್ಟ್‌ಸ್ಟಾಪ್ ಅಂತ?” ಎಂದ ಕೋಲ್ಟನ್ ಹಿಂದಿನಿಂದ.

ಜೂನಿ ಹಾಳೆಯನ್ನು ಅಂಗೈಯಿಂದ ಮುಚ್ಚಿದಳು. ಅವಳ ಕಿವಿ ಬಿಸಿಯಾಗಿತ್ತು. ಸೋತದ್ದಕ್ಕಲ್ಲ. ಅಪ್ಪನನ್ನು ಯಾರೂ ಅಲ್ಲಿ ತಳ್ಳಲಿಲ್ಲ. ಅವನೇ ಕೇಳಿ ಹೋದ. ಅವಳು ಅಷ್ಟು ಬೇಡಿ ಕೊಡಿಸಿದ ಜಾಗವನ್ನು ಇಷ್ಟು ಜನರ ಎದುರಿಗೆ ಬಿಟ್ಟುಕೊಟ್ಟು, ಎಲ್ಲರೂ ನಗಲಿ ಅಂತಲೇ ಹೋಗಿ ನಿಂತ. ಅವಳಿಗೆ ಅಳುವೇ ಬಂತು. ಹಾಳೆಯನ್ನು ಹರಿದುಹಾಕಬೇಕು ಅನ್ನಿಸಿತು.

ಆದರೆ ಅದು ಹೋಮ್‌ವರ್ಕ್. ಮಿಸೆಸ್ ಡ್ವೊರಾಕ್ ಎರಡು ಸೀಟಿನಾಚೆ ಕೂತಿದ್ದರು. ಆಟ ಮುಗಿಯುವ ತನಕ ಒಬ್ಬನನ್ನೇ ನೋಡಬೇಕು ಎಂದಿದ್ದರು. ಅವಳು ಮೂಗು ಒರೆಸಿಕೊಂಡು ನೋಡುತ್ತ ಕೂತಳು.

ಎಂಟನೇ ಇನ್ನಿಂಗ್ಸಿನ ಹೊತ್ತಿಗೆ ನಗುವವರಿಗೂ ಸಾಕಾಯಿತು. ಬಿಸಿಲು ನೆತ್ತಿಗೇರಿತ್ತು. ಮಕ್ಕಳು ಐಸ್‌ಕ್ರೀಮ್ ಚೀಪುತ್ತ ತಮ್ಮ ತಮ್ಮ ಮಾತಿಗೆ ಬಿದ್ದರು, ಇಮಾನಿ ಅರ್ಧ ನಿದ್ದೆಗೆ ಜಾರಿದಳು. ಅಪ್ಪ ಮಾತ್ರ ಎಸೆಯುತ್ತಲೇ ಇದ್ದ. ಒಂದು ಚೆಂಡು, ಒಂದು ಉಸಿರು. ಮಂಡಿಯ ಮೇಲೆ ಕೈಯೂರಿ ಬಗ್ಗುವುದು, ತೋಳಿನಿಂದ ಹಣೆ ಒರೆಸಿಕೊಳ್ಳುವುದು, ಮತ್ತೆ ನೆಟ್ಟಗಾಗುವುದು. ಅವನ ತೋಳು ಈ ಕೆಲಸಕ್ಕೆ ಪಳಗಿದ್ದಲ್ಲ. ಪ್ರತಿ ಎಸೆತಕ್ಕೂ ಭುಜ ಸ್ವಲ್ಪ ಸ್ವಲ್ಪ ಕೆಳಗಿಳಿಯುತ್ತಿತ್ತು.

ಆಗ ಜೂನಿಗೆ ಇನ್ನೊಂದು ಕಾಣಿಸಿತು. ದೂರದ ಬೇಲಿಯ ಹತ್ತಿರ ಹೆರನ್ಸ್ ಪಿಚರುಗಳು ಎಂಟೂ ಜನ ಎದ್ದು ನಿಂತಿದ್ದರು. ಕೂರುವುದಕ್ಕೆ ಬೆಂಚಿತ್ತು, ನೆರಳಿತ್ತು. ಆದರೂ ಬಿಸಿಲಿನಲ್ಲಿ ಬೇಲಿ ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬನೂ ನಗುತ್ತಿರಲಿಲ್ಲ.

“ಏ ಜೂನಿ,” ಎಂದ ಕೋಲ್ಟನ್ ಸ್ವಲ್ಪ ಹೊತ್ತಿನ ಮೇಲೆ. ಅವನ ದನಿ ಈಗ ಬೇರೆ ಇತ್ತು. “ನಿಮ್ಮಪ್ಪಂಗೆ ಕೈ ನೋಯಲ್ವೇನೇ?”

“ನೋಯತ್ತೆ,” ಎಂದಳು ಜೂನಿ.

ಹದಿನೇಳಕ್ಕೆ ಎರಡು ರನ್ನಿಗೆ ಆಟ ಮುಗಿಯಿತು. ಅಪ್ಪ ಕೊನೆಯ ಚೆಂಡು ಎಸೆಯುವ ತನಕ ಆ ಎಂಟು ಜನ ಕೂರಲಿಲ್ಲ.

*

ಮಕ್ಕಳೆಲ್ಲ ಬಸ್ಸು ಹತ್ತಿ ಹೋದರು. ಜೂನಿ ಅಪ್ಪನ ಜೊತೆ ಹೋಗುತ್ತಾಳೆ ಎಂದು ಅಮ್ಮ ಟೀಚರಿಗೆ ಚೀಟಿ ಬರೆದುಕೊಟ್ಟಿದ್ದಳು. ಜೂನಿ ಆಟಗಾರರ ಗೇಟಿನ ಹತ್ತಿರ, ಗೋಡೆಯ ನೆರಳಿನಲ್ಲಿ ಕಾಯುತ್ತ ನಿಂತಳು. ಏನು ಮಾತಾಡುವುದು, ಎಲ್ಲಿಂದ ಶುರು ಮಾಡುವುದು ಎಂದು ಅವಳಿಗೆ ತಿಳಿಯಲಿಲ್ಲ. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

ಅಪ್ಪ ಬಂದ. ಬಲಭುಜಕ್ಕೆ ದೊಡ್ಡ ಐಸಿನ ಮೂಟೆ ಸುತ್ತಿದ್ದರು. ಹೆಗಲ ಮೇಲೆ ಚೀಲವಿರಲಿಲ್ಲ. ಚೀಲವಿಲ್ಲದ ಅಪ್ಪ ಯಾರೋ ಬೇರೆಯವನ ಹಾಗೆ ಕಂಡ.

ಅವನ ಹಿಂದೆ ಯಾಡಿಯೆಲ್. ಐದು ಗ್ಲೌಸಿನ ಚೀಲ ಅವನ ಎಡಹೆಗಲಿನ ಮೇಲಿತ್ತು. ಅವನ ಹಿಂದೆ ಇನ್ನೊಬ್ಬ ಪಿಚರ್, ಕೈಯಲ್ಲಿ ಅಪ್ಪನ ಬ್ಯಾಟುಗಳು. ಇನ್ನೊಬ್ಬನ ಕೈಯಲ್ಲಿ ಮಣ್ಣು ಮೆತ್ತಿದ ಬೂಟುಗಳು. ಕೊನೆಯಲ್ಲಿ ಆರಡಿ ಐದಂಗುಲದ ಗಡ್ಡದವನು ಅಪ್ಪನ ಊಟದ ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬರುತ್ತಿದ್ದ.

“ಕೊಡ್ರೋ ಇಲ್ಲಿ, ನಾನೇ ತಗೊಂಡು ಹೋಗ್ತೀನಿ,” ಎಂದ ಅಪ್ಪ. ಅವನ ಕಿವಿಯೂ ಕೆಂಪಾಗಿತ್ತು.

“ಸುಮ್ನೆ ನಡೀ ತಾತ,” ಎಂದ ಯಾಡಿಯೆಲ್.

ಕಾರಿನ ಡಿಕ್ಕಿಯಲ್ಲಿ ಎಲ್ಲವನ್ನೂ ಇಟ್ಟರು. ಯಾರೂ ಥ್ಯಾಂಕ್ಸ್ ಅಂತ ಹೇಳಲಿಲ್ಲ. ಗಡ್ಡದವನು ಡಬ್ಬಿ ಇಟ್ಟು, ಕಾರಿನ ಮೇಲೆ ಎರಡು ಸಲ ತಟ್ಟಿ ಹೋದ. ಉಳಿದವರೂ ತಟ್ಟಿ ಹೋದರು.

ಅಪ್ಪ ಕಾರಿನೊಳಗೆ ಕೂರಲು ಒದ್ದಾಡುತ್ತಿದ್ದಾಗ ಯಾಡಿಯೆಲ್ ಜೂನಿಯ ಪಕ್ಕ ಬಂದು ನಿಂತ.

“ನಿನ್ನೆ ಆಟ ಆದ್ಮೇಲೆ,” ಎಂದ ಮೆಲ್ಲಗೆ, ಬಲಗೈ ತೋರಿಸುತ್ತ, “ಈ ಕೈಲಿ ಹಲ್ಲುಜ್ಜಕ್ಕೂ ಆಗ್ಲಿಲ್ಲ ನಂಗೆ.”

“ಮ್ಯಾನೇಜರ್‌ಗೆ ಹೇಳ್ಲಿಲ್ವಾ?”

“ಹೇಳೋದಾ? ನಂಗಿನ್ನೂ ಇಪ್ಪತ್ತು. ನೋವು ಅಂದ್ರೆ ಊರಿಗೆ ಕಳಿಸ್ತಾರೆ ಅಂತ ಭಯ. ಯಾರಿಗೂ ಹೇಳ್ಲಿಲ್ಲ.” ಅವನು ಕಾರಿನ ಕಡೆ ನೋಡಿದ. “ತಾತಂಗೂ ಹೇಳ್ಲಿಲ್ಲ. ಬೆಳಗ್ಗೆ ಎಡಗೈಲಿ ಕಾಫಿ ಕುಡೀತಿದ್ದೆ. ನೋಡ್ಬಿಟ್ಟಿದ್ದಾನೆ.”

ಅಷ್ಟು ಹೇಳಿ, ಅವಳ ಟೋಪಿಯನ್ನು ಕಣ್ಣಿನ ಮೇಲೆ ಎಳೆದು ಹೋದ.

ಅಪ್ಪ ಒಂದೇ ಕೈಯಲ್ಲಿ ಕಾರು ಓಡಿಸಿದ. ಎರಡು ಸಿಗ್ನಲ್ ದಾಟಿದರು.

“ಎಲ್ಲರೂ ನಕ್ರು,” ಎಂದಳು ಜೂನಿ.

“ಕೇಳಿಸ್ತು.”

“ನಿಂಗೆ ಬೇಜಾರಾಗ್ಲಿಲ್ವಾ?”

“ಆಯ್ತಮ್ಮ,” ಎಂದ ಅಪ್ಪ. “ನಿಮ್ಮ ಕ್ಲಾಸು ಎಲ್ಲಿ ಕೂತಿದೆ ಅಂತ ನಂಗೊತ್ತಿತ್ತು. ಆ ಕಡೆ ನೋಡಕ್ಕೇ ಧೈರ್ಯ ಬರ್ಲಿಲ್ಲ.”

ಜೂನಿ ಹಾಳೆಯನ್ನು ಮಡಿಚಿದಳು, ಬಿಡಿಸಿದಳು.

“ಮಜಾ ನೋಡು,” ಎಂದ ಅಪ್ಪ. “ಹನ್ನೊಂದು ವರ್ಷದಲ್ಲಿ ಯಾರ ಹತ್ರಾನೂ ಏನೂ ಕೇಳ್ದೋನಲ್ಲ. ಈಗ ನೋಡಿದ್ರೆ ನಿನ್ನೆ ಒಂದ್ಸಲ ಕೇಳ್ದೆ, ಇವತ್ತೊಂದ್ಸಲ ಕೇಳ್ದೆ.” ಅವನು ನಗಲು ಹೋಗಿ, ಭುಜ ನೊಂದು, ಅರ್ಧಕ್ಕೇ ಬಿಟ್ಟ.

*

ಮನೆಗೆ ಬಂದವನೇ ಅಪ್ಪ ಸೋಫಾದ ಮೇಲೆ ಬಿದ್ದುಕೊಂಡ. ಐಸು ಕರಗಿ ದಿಂಬು ಒದ್ದೆಯಾದರೂ ಎಚ್ಚರವಾಗಲಿಲ್ಲ. ಕೆಲಸ ಮುಗಿಸಿ ಬಂದ ಅಮ್ಮ ಅವನಿಗೆ ಹೊದಿಸಿ, ಸದ್ದು ಮಾಡಬೇಡ ಎಂದು ಜೂನಿಗೆ ಸನ್ನೆ ಮಾಡಿ ಒಳಗೆ ಹೋದಳು. ಅವಳ ಮುಖದಲ್ಲೂ ದಣಿವಿತ್ತು.

ಜೂನಿ ಅಡುಗೆಮನೆಯ ನೆಲದ ಮೇಲೆ ಕೂತು ಚೀಲದ ಜಿಪ್ಪು ಎಳೆದಳು. ಅವತ್ತು ಭಾನುವಾರವಲ್ಲ. ಆದರೂ ಎಣ್ಣೆಯ ಡಬ್ಬಿ ತಂದಿಟ್ಟುಕೊಂಡಳು. ಮೊದಲು ಶಾರ್ಟ್‌ಸ್ಟಾಪಿನದು, ಬೆರಳ ಸಂದಿಯಲ್ಲಿ ಕೆಂಪು ಮಣ್ಣು ಸಿಕ್ಕಿಕೊಂಡಿತ್ತು. ಆಮೇಲೆ ಮೂರನೇ ಬೇಸಿನದು. ಅಗಲದ್ದು. ಉದ್ದನೆಯದು. ದಪ್ಪನೆಯದು.

ತಳದಲ್ಲಿ ಇನ್ನೊಂದಿತ್ತು.

ಅವಳು ಅದನ್ನು ಯಾವತ್ತೂ ನೋಡಿರಲಿಲ್ಲ. ಪಿಚರುಗಳ ಗ್ಲೌಸು. ಚೆಂಡನ್ನು ಹೇಗೆ ಹಿಡಿದಿದ್ದಾನೆ ಎಂದು ಎದುರಾಳಿಗೆ ಕಾಣದಂತೆ ಬೆರಳುಗಳ ನಡುವೆ ಪೂರ್ತಿ ಮುಚ್ಚಿದ್ದು. ಹಳೆಯದು. ಹೆಬ್ಬೆರಳಿನ ಹತ್ತಿರ ಇಂಕಿನಲ್ಲಿ ನಲವತ್ತೇಳು ಎಂದು ಬರೆದಿತ್ತು. ನಲವತ್ತೇಳು ಯಾಡಿಯೆಲ್‌ನ ಅಂಗಿಯ ನಂಬರು. ಚೀಲ ಹೊತ್ತು ತಂದವನೂ ಅವನೇ.

ಜೂನಿ ಅದನ್ನು ಕೈಗೆ ಹಾಕಿಕೊಂಡು ನೋಡಿದಳು. ಆಮೇಲೆ ಬಟ್ಟೆಯ ಚೂರನ್ನು ಎಣ್ಣೆಗೆ ಅದ್ದಿ, ಅದಕ್ಕೂ ಹಚ್ಚಿದಳು.

ಹಾಳೆ ಮೇಜಿನ ಮೇಲಿತ್ತು. ಜಾಗ ಎಂಬಲ್ಲಿ ಪೆನ್ನಿನಲ್ಲಿ ಬರೆದದ್ದು ಹಾಗೇ ಇತ್ತು. ಅವಳು ಅದನ್ನು ಹೊಡೆದುಹಾಕಲಿಲ್ಲ. ಏನೇನು ಮಾಡಿದ ಎಂಬುದರ ಕೆಳಗೆ, ಹಾರಿ ಹಿಡಿದದ್ದರಿಂದ ಶುರು ಮಾಡಿ, ಹಾಳೆಯ ಹಿಂಭಾಗವೂ ತುಂಬುವ ತನಕ ಬರೆದಳು. ಐವತ್ತನಾಲ್ಕು ಎಂಬುದನ್ನೂ ಬರೆದಳು. ಎಂಟು ಜನ ನಿಂತಿದ್ದನ್ನೂ ಬರೆದಳು.

ಶುಕ್ರವಾರ ಬೆಳಗ್ಗೆ ಅಪ್ಪ ಎಡಗೈಯಲ್ಲಿ ಕಾಫಿ ಕುಡಿಯುತ್ತಿದ್ದ. ಬಲಗೈ ಇನ್ನೂ ಎದೆಯಿಂದ ಮೇಲೆ ಏಳುತ್ತಿರಲಿಲ್ಲ.

“ಇವತ್ತು ಕೈ ನೋಡಿಸ್ಕೊಳ್ಳಕ್ಕೆ ಬೇಗ ಹೋಗ್ಬೇಕು,” ಎಂದ. ಆಮೇಲೆ ಲೋಟ ನೋಡುತ್ತ, “ನೆಟ್ಟಗಾದ್ಮೇಲೆ ಇನ್ನೊಂದ್ಸಲ ಕೇಳ್ಲಾ? ಶಾರ್ಟ್‌ಸ್ಟಾಪ್?”

“ಬೇಡ,” ಎಂದಳು ಜೂನಿ. “ಗೋಡೆ ಮೇಲೆ ಏನಿರತ್ತೋ ಅದು.”

ಅಪ್ಪ ಲೋಟದ ಅಂಚಿನಿಂದ ಅವಳನ್ನು ನೋಡಿದ.

ಆರು ಗ್ಲೌಸಿಗೆ ಆ ಚೀಲ ಸಾಲುತ್ತಿರಲಿಲ್ಲ. ಜೂನಿ ಮಂಡಿಯಿಂದ ಒತ್ತಿ ಹಿಡಿದು ಜಿಪ್ಪು ಎಳೆದಳು. ಅಪ್ಪ ಎಡಗೈ ಚಾಚುವಷ್ಟರಲ್ಲಿ ಅವಳೇ ಅದರ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ಒಂದು ಹೆಜ್ಜೆ ವಾಲಿದಳು. ಗೋಡೆ ಹಿಡಿದು ನೆಟ್ಟಗಾದಳು.

“ಭಾರ ಇದೆ, ಬಿಡು ಪುಟ್ಟಾ,” ಎಂದ ಅಪ್ಪ.

“ಗೊತ್ತು,” ಎಂದಳು ಜೂನಿ. ಚೀಲ ಹೊತ್ತುಕೊಂಡು ಕಾರಿನ ಕಡೆ ನಡೆದಳು.